ಮರುಭೂಮಿಯ ಮರಳಿಗೆ ಯಾವ ಟೈರು? – ಖರೀದಿಗೆ ಮುನ್ನ ಒಂದು ಲೆಕ್ಕಾಚಾರ

ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ತೆರಳಿ ಅಲ್ಲಿ ವ್ಯಾಪಾರ, ಸಣ್ಣ ಗುತ್ತಿಗೆ, ಊಟೋಪಚಾರ ಪೂರೈಕೆ ಮುಂತಾದ ವ್ಯವಹಾರಗಳಲ್ಲಿ ನೆಲೆಯೂರಿದ ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರೊಡನೆ ಪಾಲುದಾರಿಕೆಯನ್ನೋ ಸರಕಿನ ವಹಿವಾಟನ್ನೋ ಇಟ್ಟುಕೊಂಡಿರುವ ಸಂಸ್ಥೆಗಳು ಕರ್ನಾಟಕದಲ್ಲಿಯೂ ಉಂಟು. ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಒಮಾನ್ ದೇಶಗಳಲ್ಲಿ ಇಂಥ ಸಂಸ್ಥೆಗಳ ಕೆಲಸ ಪೇಟೆಗಷ್ಟೇ ಸೀಮಿತವಾಗಿರುವುದಿಲ್ಲ. ಪ್ರವಾಸಿಗರ ಮರುಭೂಮಿ ಶಿಬಿರಕ್ಕೆ ಆಹಾರ ಮತ್ತು ನೀರು ತಲುಪಿಸುವುದು, ದೂರದ ಕಾಮಗಾರಿಯ ಸ್ಥಳದಲ್ಲಿ ಜನರೇಟರ್ ದುರಸ್ತಿ ಮಾಡುವುದು, ಒಂಟೆ ಸಾಕಣೆಯ ತೋಟಗಳಿಗೆ ಮೇವು ಒಯ್ಯುವುದು – ಇವೆಲ್ಲಕ್ಕೂ ವಾಹನ ಡಾಂಬರು ರಸ್ತೆಯನ್ನು ಬಿಟ್ಟು ಮರಳಿಗೆ ಇಳಿಯಲೇಬೇಕು.

ಈ ಕೆಲಸಕ್ಕೆ ಕೊಂಡ ಫೋರ್ ವೀಲ್ ಡ್ರೈವ್ ವಾಹನದ ಬಗ್ಗೆ ಮಾಲೀಕರು ಸಾಕಷ್ಟು ವಿಚಾರ ಮಾಡಿರುತ್ತಾರೆ. ಬ್ಯಾಂಕಿನ ಸಾಲ, ಕಂತು, ಸವಕಳಿ ಎಲ್ಲವನ್ನೂ ತೂಗಿ ನೋಡಿರುತ್ತಾರೆ. ಆದರೆ ಎರಡು ಮೂರು ವರ್ಷಗಳ ನಂತರ ಟೈರು ಬದಲಿಸುವ ಕಾಲ ಬಂದಾಗ ಆ ನಿರ್ಧಾರ ಅಂಗಡಿಯ ಕಟ್ಟೆಯ ಮೇಲೆ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಲೆಕ್ಕಪುಸ್ತಕದಲ್ಲಿ ಅದು ‘ವಾಹನ ನಿರ್ವಹಣೆ’ ಎಂಬ ಶೀರ್ಷಿಕೆಯ ಕೆಳಗೆ ಒಂದು ಸಾಲಾಗಿ ಬಂದು ಕೂರುತ್ತದೆ. ಆ ಒಂದು ಸಾಲಿನ ಹಿಂದೆ ಹಣದ ಪ್ರಶ್ನೆಯೂ ಇದೆ, ಆ ವಾಹನ ನಡೆಸುವ ನೌಕರನ ಪ್ರಾಣದ ಪ್ರಶ್ನೆಯೂ ಇದೆ.

ಇಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಮರುಭೂಮಿಗೆ ಹೋಗುವ ವಾಹನವೆಂದ ಮೇಲೆ ಅತ್ಯಂತ ಒರಟು ಹಲ್ಲುಗಳುಳ್ಳ, ಅತ್ಯಂತ ದುಬಾರಿಯಾದ ಟೈರೇ ಬೇಕೆಂದು ತಿಳಿಯುವುದು ಮೊದಲನೆಯ ತಪ್ಪು. ಅಷ್ಟು ಹಣ ಕೊಟ್ಟ ಮೇಲೆ ಗಾಳಿ ಅಳೆಯುವ ಗೇಜು ಮತ್ತು ಗಾಳಿ ತುಂಬುವ ಸಣ್ಣ ಕಂಪ್ರೆಸರ್‌ಗೆ ಖರ್ಚು ಮಾಡಲು ಹಿಂದೆಗೆಯುವುದು ಎರಡನೆಯದು. ಮರಳಿನ ಸ್ವಭಾವವನ್ನು ಅರಿತರೆ ಈ ಎರಡೂ ನಿರ್ಧಾರಗಳು ತಲೆಕೆಳಗಾಗಿವೆ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮರಳು ಕೆಸರಲ್ಲ

ಪೇಟೆಯಲ್ಲಿ ಇಂಥ ವಾಹನಗಳಿಗೆ ಸಿಗುವ ಟೈರುಗಳನ್ನು ಸ್ಥೂಲವಾಗಿ ಮೂರು ವರ್ಗ ಮಾಡಬಹುದು. ಡಾಂಬರು ರಸ್ತೆಗೆಂದೇ ಮಾಡಿದ ಹೈವೇ ಟೈರು ಮೊದಲನೆಯದು. ಇದರ ಮೇಲ್ಮೈ ನಯವಾಗಿದ್ದು ಗೀರುಗಳು ಕಿರಿದಾಗಿರುತ್ತವೆ. ಕೆಸರಿಗೆಂದು ಮಾಡಿದ ಮಡ್ ಟೆರೇನ್ ಟೈರು ಇನ್ನೊಂದು ತುದಿಯದು; ಇದರ ಹಲ್ಲುಗಳು ದೊಡ್ಡವು, ನಡುವಿನ ಸಂದುಗಳು ಆಳವಾದವು. ಇವೆರಡರ ನಡುವಿನ ರಾಜಿಯೇ ಆಲ್ ಟೆರೇನ್ ಟೈರು. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ 1976ರಲ್ಲಿ ಈ ಹೆಸರಿನ ರೇಡಿಯಲ್ ಟೈರನ್ನು ಹೊರತಂದಿತು. ಇಂದು ಬಹುತೇಕ ಎಲ್ಲ ದೊಡ್ಡ ತಯಾರಕರೂ ಈ ವರ್ಗದ ಟೈರನ್ನು ಮಾರುತ್ತಾರೆ.

ಮಡ್ ಟೆರೇನ್ ಟೈರಿನ ಹಲ್ಲುಗಳ ಉದ್ದೇಶವೇ ಅಗೆಯುವುದು. ಮಲೆನಾಡಿನ ಮಳೆಗಾಲದ ಕೆಸರಿನಲ್ಲಿ ಮೇಲಿನ ಜಾರುವ ಪದರವನ್ನು ಕಿತ್ತು ಎಸೆದರೆ ಕೆಳಗೆ ಗಟ್ಟಿ ನೆಲ ಸಿಗುತ್ತದೆ; ಹಲ್ಲು ಅದನ್ನು ಹಿಡಿದು ವಾಹನವನ್ನು ಮುಂದೆ ತಳ್ಳುತ್ತದೆ. ಒಣ ಮರಳಿನ ದಿಬ್ಬದಲ್ಲಿ ಹಾಗೆ ಸಿಗುವ ಗಟ್ಟಿ ನೆಲ ಕೆಳಗಿಲ್ಲ. ಮರಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಗಾಳಿ ಹಾಸಿ ಕೂರಿಸಿದ ಮೇಲಿನ ಪದರ ಕದಡದೆ ಇರುವವರೆಗೆ ಅದು ಒಂದಿಷ್ಟು ಭಾರ ಹೊರುತ್ತದೆ. ಅದನ್ನು ಕಿತ್ತೊಡನೆ ಚಕ್ರ ಕೆಳಗಿಳಿಯುತ್ತದೆ. ಹೆದರಿದ ಚಾಲಕ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರೆ ಆ ಒರಟು ಹಲ್ಲುಗಳೇ ವಾಹನಕ್ಕೆ ಗುಂಡಿ ತೋಡುತ್ತವೆ. ಕೆಸರಿನಲ್ಲಿ ಗುಣವಾಗಿದ್ದುದು ಮರಳಿನಲ್ಲಿ ದೋಷವಾಗಿ ಪರಿಣಮಿಸುವುದು ಹೀಗೆ.

ಮರಳಿನಲ್ಲಿ ವಾಹನ ಮುಳುಗದಂತೆ ತೇಲಿಸುವುದು ಭಾರದ ಹಂಚಿಕೆ. ಒಂಟೆಯ ಪಾದ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಅಗಲವಾದ ಮೆತ್ತನೆಯ ಅಡಿ ನೆಲಕ್ಕೆ ಊರಿದೊಡನೆ ಹರಡಿಕೊಳ್ಳುತ್ತದೆ. ಕುದುರೆಯ ಗಟ್ಟಿ ಗೊರಸು ಹೂತುಹೋಗುವಲ್ಲಿ ಒಂಟೆ ನಡೆದು ಹೋಗುತ್ತದೆ. ಟೈರು ಕೂಡ ಹಾಗೆ ಹರಡಿಕೊಳ್ಳಬೇಕಾದರೆ ಅದರ ಗಾಳಿ ಇಳಿಸಬೇಕು.

ಗಾಳಿಯ ಗಣಿತ

ಟೈರಿನಂಗಡಿಯಲ್ಲಿ ‘ಪೌಂಡು’ ಎಂದು ಕರೆಯುವ ಅಳತೆ ಒಂದು ಚದರ ಅಂಗುಲದ ಮೇಲಿನ ಒತ್ತಡವನ್ನು ಹೇಳುತ್ತದೆ. 35 ಪೌಂಡು ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.46 ಕಿಲೋ, 15 ಪೌಂಡು ಎಂದರೆ ಸುಮಾರು 1.05 ಕಿಲೋ. ಸಾಮಾನು ಸಹಿತ 2,400 ಕಿಲೋ ತೂಗುವ ವಾಹನದಲ್ಲಿ ಒಂದೊಂದು ಚಕ್ರದ ಪಾಲಿಗೆ 600 ಕಿಲೋ ಬರುತ್ತದೆ ಎಂದಿಟ್ಟುಕೊಳ್ಳೋಣ. 35 ಪೌಂಡಿನಲ್ಲಿ ಈ ಭಾರ ಹೊರಲು ಟೈರು ಸುಮಾರು 244 ಚದರ ಸೆಂಟಿಮೀಟರ್ ನೆಲವನ್ನು ತಬ್ಬಿದರೆ ಸಾಕು. 15 ಪೌಂಡಿಗೆ ಇಳಿಸಿದಾಗ ಅದು ಸುಮಾರು 570 ಚದರ ಸೆಂಟಿಮೀಟರಿಗೆ ಹರಡಬೇಕಾಗುತ್ತದೆ. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ವಾಸ್ತವದ ಅಂಕಿಗಳು ತುಸು ಬೇರೆಯಾಗುತ್ತವೆ. ಆದರೆ ನೆಲದ ಮೇಲಿನ ಹರವು ಎರಡು ಪಟ್ಟಿನ ಆಸುಪಾಸಿಗೆ ಏರುತ್ತದೆ ಎಂಬ ತಾತ್ಪರ್ಯ ಬದಲಾಗುವುದಿಲ್ಲ. ಈ ಹರವು ಅಗಲಕ್ಕಿಂತ ಹೆಚ್ಚಾಗಿ ಉದ್ದದಲ್ಲಿ ಬೆಳೆಯುತ್ತದೆ ಎಂಬುದನ್ನೂ ಗಮನಿಸಬೇಕು. ಹತ್ತಿಪ್ಪತ್ತು ಮಿಲಿಮೀಟರ್ ಅಗಲ ಹೆಚ್ಚಿರುವ ಟೈರಿಗೆ ಸಾವಿರಾರು ರೂಪಾಯಿ ಹೆಚ್ಚು ತೆತ್ತು ಪಡೆಯುವ ಲಾಭಕ್ಕಿಂತ, ಬಿಡಿಕಾಸೂ ಖರ್ಚಿಲ್ಲದೆ ಗಾಳಿ ಇಳಿಸಿ ಪಡೆಯುವ ಲಾಭ ಬಹುಪಾಲು ಹೆಚ್ಚು.

ಈ ತಿಳಿವಳಿಕೆ ಇಂದು ನಿನ್ನೆಯದಲ್ಲ. ಬ್ರಿಟಿಷ್ ಸೇನೆಯ ಅಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ 1920 ಮತ್ತು 1930ರ ದಶಕಗಳಲ್ಲಿ ಈಜಿಪ್ಟ್ ಹಾಗೂ ಲಿಬಿಯಾದ ಮರುಭೂಮಿಗಳಲ್ಲಿ ಸಾಮಾನ್ಯ ಫೋರ್ಡ್ ಕಾರುಗಳನ್ನು ಓಡಿಸಿದರು. ಅವುಗಳಿಗೆ ಫೋರ್ ವೀಲ್ ಡ್ರೈವ್ ಇರಲಿಲ್ಲ. ಟೈರಿನ ಗಾಳಿ ಇಳಿಸುವುದು, ಹೂತುಹೋದ ಚಕ್ರದ ಕೆಳಗೆ ಉಕ್ಕಿನ ಹಲಗೆ ಇಡುವುದು, ಮರಳಿನ ಮೇಲ್ಮೈಯನ್ನು ಕಣ್ಣಿನಿಂದಲೇ ಓದುವುದು – ಇವೇ ಅವರ ಉಪಾಯಗಳು. ಅದೇ ಅನುಭವದ ಆಧಾರದ ಮೇಲೆ ಅವರು 1940ರಲ್ಲಿ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಸೇನಾ ತುಕಡಿಯನ್ನು ಕಟ್ಟಿದರು. ಮರಳಿನ ಚಲನೆಯ ಬಗ್ಗೆ 1941ರಲ್ಲಿ ಪ್ರಕಟವಾದ ಅವರ ಭೌತಶಾಸ್ತ್ರದ ಗ್ರಂಥ ಇಂದಿಗೂ ಆಧಾರ ಗ್ರಂಥವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ನಿರ್ಮಿಸಿದ ‘ಡಕ್’ ಎಂಬ, ನೀರು ಮತ್ತು ನೆಲ ಎರಡರಲ್ಲೂ ಚಲಿಸುವ ಲಾರಿಯಲ್ಲಿ ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿಯನ್ನು ಏರಿಸಿ ಇಳಿಸುವ ವ್ಯವಸ್ಥೆಯಿತ್ತು. ಸಮುದ್ರತೀರದ ಮರಳಿನಿಂದ ರಸ್ತೆಗೆ ಹತ್ತಬೇಕಾದ ವಾಹನಕ್ಕೆ ಅದು ಅನಿವಾರ್ಯವಾಗಿತ್ತು.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಮೋಟರ್‌ಸೈಕಲ್ ವಿಭಾಗದಲ್ಲಿ ಪೂರ್ಣಗೊಳಿಸಿದ ನಂತರ ಕನ್ನಡ ಪತ್ರಿಕೆಗಳ ಓದುಗರಿಗೂ ಪರಿಚಿತವಾದ ಡಕಾರ್ ರ‍್ಯಾಲಿ 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಆ ಸ್ಪರ್ಧೆಯಲ್ಲಿ ಓಡಿದ ಕೆಲವು ಬಗ್ಗಿ ಕಾರುಗಳಲ್ಲಿಯೂ ಚಾಲಕನ ಕೈಗೆ ಗಾಳಿಯ ನಿಯಂತ್ರಣ ಕೊಡಲಾಗಿತ್ತು. ಕೋಟ್ಯಂತರ ರೂಪಾಯಿಯ ಸ್ಪರ್ಧಾ ವಾಹನವೂ ಮರಳಿಗೆ ಇಳಿದಾಗ ಮೊದಲು ನೋಡುವುದು ಗಾಳಿಯ ಒತ್ತಡವನ್ನೇ ಎಂಬುದು ಇದರಿಂದ ವೇದ್ಯವಾಗುತ್ತದೆ.

ಹಾಗಾದರೆ ಆಯ್ಕೆ ಹೇಗೆ?

ಗಾಳಿ ಇಳಿಸುವುದೇ ಮುಖ್ಯವೆಂದಾದರೆ ಟೈರಿನ ಆಯ್ಕೆಗೆ ಅರ್ಥವೇ ಇಲ್ಲವೇ ಎಂಬ ಪ್ರಶ್ನೆ ಸಹಜ. ಅರ್ಥವಿದೆ, ಆದರೆ ನೋಡಬೇಕಾದ ಗುಣಗಳು ಬೇರೆ.

ಮೊದಲನೆಯದಾಗಿ, ಪಕ್ಕದ ಗೋಡೆಯ ಎತ್ತರ. ಗಾಳಿ ಇಳಿಸಿದಾಗ ಬಾಗಿ ಹರಡಿಕೊಳ್ಳಬೇಕಾದುದು ಈ ಗೋಡೆಯೇ. ಟೈರಿನ ಮೇಲೆ 265/65 ಆರ್ 17 ಎಂದು ಬರೆದಿದ್ದರೆ ಅಗಲ 265 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇ. 65, ಅಂದರೆ ಸುಮಾರು 172 ಮಿಲಿಮೀಟರ್, ಮತ್ತು ರಿಮ್ಮಿನ ವ್ಯಾಸ 17 ಅಂಗುಲ. 265/50 ಆರ್ 20 ಎಂಬ ಟೈರಿನ ಒಟ್ಟು ವ್ಯಾಸವೂ ಹೆಚ್ಚುಕಡಿಮೆ ಅಷ್ಟೇ, ಆದರೆ ಅದರ ಗೋಡೆ ಸುಮಾರು 132 ಮಿಲಿಮೀಟರ್ ಮಾತ್ರ. ದೊಡ್ಡ ರಿಮ್ಮು ಷೋರೂಮಿನಲ್ಲಿ ಕಣ್ಣಿಗೆ ಚಂದ. ಮರಳಿನಲ್ಲಿ ಗಾಳಿ ಇಳಿಸಿದಾಗ ಬಾಗಲು ಅದಕ್ಕೆ ಜಾಗವಿಲ್ಲ, ರಿಮ್ಮಿಗೇ ಪೆಟ್ಟು ಬೀಳುತ್ತದೆ. ಆದುದರಿಂದ ವಾಹನ ಕೊಳ್ಳುವಾಗಲೇ, ಬ್ರೇಕಿಗೆ ತಾಗದಂತೆ ತಯಾರಕರು ಅನುಮತಿಸಿದ ಅತ್ಯಂತ ಚಿಕ್ಕ ರಿಮ್ಮನ್ನು ಆರಿಸುವುದು ಲೇಸು.

ಎರಡನೆಯದಾಗಿ, ಹೊರುವ ಸಾಮರ್ಥ್ಯ. ಅಳತೆಯ ಮುಂದೆ ಇರುವ ಎರಡು ಮೂರು ಅಂಕಿಗಳ ಸಂಖ್ಯೆ ಭಾರದ ಸೂಚ್ಯಂಕ. 112 ಎಂದಿದ್ದರೆ ಒಂದು ಟೈರು 1,120 ಕಿಲೋ ಹೊರಬಲ್ಲದು. 121 ಎಂದಿದ್ದರೆ 1,450 ಕಿಲೋ. ಹೆಚ್ಚು ಹೊರುವ ಟೈರೇ ಹೆಚ್ಚು ಒಳ್ಳೆಯದೆಂದು ತಿಳಿಯಬಾರದು. ಲಘು ಟ್ರಕ್ಕಿನ ದರ್ಜೆಯ, ‘ಎಲ್.ಟಿ.’ ಎಂಬ ಗುರುತಿರುವ ಟೈರುಗಳ ಗೋಡೆ ದಪ್ಪ ಮತ್ತು ಬಿಗಿ. ಹಗುರವಾದ ವಾಹನಕ್ಕೆ ಅವನ್ನು ಹಾಕಿದರೆ 15 ಪೌಂಡಿಗೆ ಇಳಿಸಿದರೂ ಅವು ಬೇಕಾದಷ್ಟು ಹರಡುವುದಿಲ್ಲ. ತುಂಬಿದ ಪಿಕಪ್ಪಿಗೆ ಅವು ಅಗತ್ಯ. ನಾಲ್ವರು ಕೂತು ಹೋಗುವ ವಾಹನಕ್ಕೆ ಅವು ಹೊರೆ.

ಮೂರನೆಯದಾಗಿ, ಪ್ರದೇಶ. ಅಬುಧಾಬಿಯ ಲಿವಾ, ಶಾರ್ಜಾದ ಅಲ್ ಬದಾಯರ್, ಒಮಾನಿನ ಶರ್ಕಿಯಾ ಮರಳುಗಾಡುಗಳಲ್ಲಿ ನಯವಾದ ಮರಳೇ ಪ್ರಧಾನ. ಆದರೆ ಎಮಿರೇಟ್ಸ್ ಮತ್ತು ಒಮಾನಿನ ನಡುವೆ ಹಬ್ಬಿದ ಹಜರ್ ಬೆಟ್ಟಸಾಲಿನ ಕಣಿವೆಗಳಲ್ಲಿ ಚೂಪಾದ ಜಲ್ಲಿಯದೇ ರಾಜ್ಯ. ಅಲ್ಲಿ ನಿತ್ಯ ಓಡಾಡುವ ವಾಹನಕ್ಕೆ ಗಟ್ಟಿ ಗೋಡೆಯ ಎಲ್.ಟಿ. ಟೈರು, ಕೆಲವೊಮ್ಮೆ ಮಡ್ ಟೆರೇನ್ ಟೈರೂ ಸಮರ್ಥನೀಯ. ಕೇವಲ ಮರಳನ್ನಷ್ಟೇ ನೋಡಿದರೆ ಗಾಳಿ ಇಳಿಸಿದ ಹೈವೇ ಟೈರು ಕೂಡ ದಿಬ್ಬ ದಾಟಿಸುತ್ತದೆ ಎಂಬುದನ್ನು ಅನುಭವಿಗಳು ಬಲ್ಲರು. ಆಲ್ ಟೆರೇನ್ ಟೈರಿನ ನಿಜವಾದ ಉಪಯೋಗ ಡಾಂಬರಿನಿಂದ ಮರಳಿನವರೆಗಿನ ಜಲ್ಲಿಯ ಹಾದಿಯಲ್ಲಿ, ಮುಳ್ಳಿನ ಪೊದೆಗಳ ನಡುವೆ, ಟೈರು ಹರಿಯದಂತೆ ಕಾಪಾಡುವುದರಲ್ಲಿದೆ. ಮಿಶ್ರ ಕೆಲಸದ ವಾಹನಕ್ಕೆ ಸಾಧಾರಣ ಹಲ್ಲಿನ, ತೀರ ಬಿಗಿಯಲ್ಲದ ಗೋಡೆಯ ಆಲ್ ಟೆರೇನ್ ಟೈರು ಸೂಕ್ತವೆಂಬ ಅಭಿಪ್ರಾಯಕ್ಕೆ ಬರಲು ಇದೇ ಕಾರಣ. ರಾಜಸ್ಥಾನದ ಜೈಸಲ್ಮೇರಿನ ಸಮೀಪ ಸಮ್ ದಿಬ್ಬಗಳಲ್ಲಿ ಜೀಪು ಓಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ನಾಲ್ಕನೆಯದಾಗಿ, ಟೈರಿನ ವಯಸ್ಸು. ಗೋಡೆಯ ಮೇಲೆ ‘ಡಿ.ಒ.ಟಿ.’ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2324 ಎಂದಿದ್ದರೆ 2024ರ 23ನೆಯ ವಾರ. ರಬ್ಬರು ಓಡದೆ ಇದ್ದರೂ ಬಿಸಿಲಿಗೆ, ಸೆಕೆಗೆ ಮುಪ್ಪಾಗುತ್ತದೆ. ಅಂಗಡಿಯವನು ರಿಯಾಯಿತಿ ದರದಲ್ಲಿ ಕೊಡುವ ಟೈರಿನ ಮೇಲೆ ಈ ಅಂಕಿಗಳನ್ನು ಓದದೆ ಹಣ ಕೊಡುವುದು, ತಾರೀಖು ನೋಡದೆ ಹುಂಡಿ ಸ್ವೀಕರಿಸಿದಂತೆ. ವಾಹನದ ಹಿಂಬಾಗಿಲಿಗೋ ಛಾವಣಿಗೋ ಕಟ್ಟಿ ವರ್ಷಾನುಗಟ್ಟಲೆ ಬಿಸಿಲಿಗೆ ಒಡ್ಡಿದ ಸ್ಟೆಪ್ನಿಗೂ ಈ ಪರೀಕ್ಷೆ ಬೇಕು. ಮರುಭೂಮಿಯಲ್ಲಿ ಕಡೆಗೆ ನಂಬಬೇಕಾದುದು ಅದನ್ನೇ.

ಕಿಲೋಮೀಟರಿನ ಲೆಕ್ಕ

ಈಗ ಖರ್ಚಿನ ಮಾತು. ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಓದುಗರು ತಮ್ಮ ಊರಿನ ದರಗಳನ್ನು ಹಾಕಿಕೊಂಡು ತಾಳೆ ನೋಡಬಹುದು. ಆಲ್ ಟೆರೇನ್ ಟೈರುಗಳ ಒಂದು ಜೋಡಣೆಗೆ, ಅಂದರೆ ನಾಲ್ಕು ಟೈರಿಗೆ, 4,000 ದಿರ್ಹಮ್ ಬೆಲೆ, 60,000 ಕಿಲೋಮೀಟರ್ ಬಾಳಿಕೆ. ಮಡ್ ಟೆರೇನ್ ಟೈರುಗಳಿಗೆ 5,200 ದಿರ್ಹಮ್ ಬೆಲೆ, 40,000 ಕಿಲೋಮೀಟರ್ ಬಾಳಿಕೆ. ಮೆತ್ತನೆಯ ದೊಡ್ಡ ಹಲ್ಲುಗಳು ಡಾಂಬರಿನ ಮೇಲೆ ಬೇಗ ಸವೆಯುವುದರಿಂದ ಬಾಳಿಕೆಯಲ್ಲಿ ವ್ಯತ್ಯಾಸ ಬರುತ್ತದೆ. ಒಂದು ಕಿಲೋಮೀಟರಿಗೆ ಮೊದಲನೆಯದರ ವೆಚ್ಚ 7 ಫಿಲ್ಸಿಗೂ ಕಡಿಮೆ. ಎರಡನೆಯದರದು 13 ಫಿಲ್ಸ್. ವರ್ಷಕ್ಕೆ 25,000 ಕಿಲೋಮೀಟರ್ ಓಡುವ ವಾಹನಕ್ಕೆ ಮೊದಲನೆಯದು ಸುಮಾರು 1,667 ದಿರ್ಹಮ್, ಎರಡನೆಯದು 3,250 ದಿರ್ಹಮ್ ತಗಲುತ್ತದೆ. ವ್ಯತ್ಯಾಸ ವರ್ಷಕ್ಕೆ ಸುಮಾರು 1,580 ದಿರ್ಹಮ್. ಒರಟು ಟೈರು ಉರುಳಲು ಹೆಚ್ಚು ಇಂಧನ ಕುಡಿಯುತ್ತದೆ ಎಂಬುದು ಇದರ ಮೇಲಿನ ಖರ್ಚು.

ಮರುಭೂಮಿಗೆ ಹೋಗುವ ವಾಹನವೂ ತನ್ನ ಆಯುಸ್ಸಿನ ಬಹುಪಾಲು ಕಿಲೋಮೀಟರುಗಳನ್ನು ಡಾಂಬರಿನ ಮೇಲೆಯೇ ಕಳೆಯುತ್ತದೆ ಎಂಬುದನ್ನು ಮರೆಯಬಾರದು. ಶಿಬಿರಕ್ಕೆ ಹೋಗುವ ದಿನ 100 ಕಿಲೋಮೀಟರ್ ಹೆದ್ದಾರಿಯಾದರೆ ಮರಳಿನ ಹಾದಿ ಐದೋ ಹತ್ತೋ ಕಿಲೋಮೀಟರ್. ಹತ್ತು ಕಿಲೋಮೀಟರಿನ ಸಲುವಾಗಿ ನೂರು ಕಿಲೋಮೀಟರಿನ ಉದ್ದಕ್ಕೂ ದಂಡ ತೆರುವುದು ವ್ಯಾಪಾರದ ಜಾಣತನವಲ್ಲ. ಅದೇ ಹಣದಲ್ಲಿ ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕಿ ನಡೆಸುವ ಒಂದು ಉತ್ತಮ ಕಂಪ್ರೆಸರ್, ನಂಬಲರ್ಹವಾದ ಒಂದು ಗೇಜು, ಒಂದು ಸಲಿಕೆ, ಎಳೆಯುವ ಪಟ್ಟಿ ಇವಿಷ್ಟನ್ನೂ 600 ದಿರ್ಹಮಿಗೆ ಕೊಂಡರೆಂದು ಭಾವಿಸಿದರೂ, ಮೇಲಿನ ಉಳಿತಾಯದಲ್ಲಿ ಐದು ತಿಂಗಳೊಳಗೆ ಆ ಖರ್ಚು ಹುಟ್ಟುತ್ತದೆ.

ಮರಳಿನಿಂದ ಹೊರಬಂದ ಮೇಲಿನ ಅಪಾಯ

ಇಷ್ಟರವರೆಗಿನದು ಹಣದ ಮಾತಾಯಿತು. ಇದಕ್ಕಿಂತ ಗುರುತರವಾದ ಸಂಗತಿ ಇನ್ನೊಂದಿದೆ. ಕಂಪ್ರೆಸರ್ ಇಲ್ಲದ ವಾಹನದ ಚಾಲಕ ಸಂದಿಗ್ಧದಲ್ಲಿ ಸಿಲುಕುತ್ತಾನೆ. ಗಾಳಿ ಇಳಿಸದೆ ಮರಳಿಗೆ ಹೋದರೆ ಹೂತುಹೋಗುವ ಭಯ. ಇಳಿಸಿಕೊಂಡು ಹೋದರೆ ಹಿಂದಿರುಗುವಾಗ ತುಂಬಲು ಸಾಧನವಿಲ್ಲ. ಸಂಜೆಯ ಹೊತ್ತಿಗೆ ಇನ್ನೊಂದು ಸರಬರಾಜಿಗೆ ತಲುಪಬೇಕೆಂದು ಮಾಲೀಕರ ಫೋನು ಬಂದಿರುತ್ತದೆ. ಆತ 15 ಪೌಂಡು ಗಾಳಿಯಲ್ಲಿಯೇ ಹೆದ್ದಾರಿಗೆ ಹತ್ತುತ್ತಾನೆ.

ಅಲ್ಲಿ ನಡೆಯುವುದೇನು? ಮೇಲೆ ಹೇಳಿದ 17 ಅಂಗುಲದ ರಿಮ್ಮಿನ ಟೈರು ಒಂದು ಕಿಲೋಮೀಟರಿಗೆ ಸುಮಾರು 410 ಸುತ್ತು ಸುತ್ತುತ್ತದೆ. 100 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 680 ಸುತ್ತು. ಪ್ರತಿ ಸುತ್ತಿಗೂ ಗೋಡೆ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಮೇಲಿಂದ ಮೇಲೆ ಬಗ್ಗಿಸಿದರೆ ಅದು ಬಿಸಿಯಾಗಿ ತುಂಡಾಗುವಂತೆ, ಗಾಳಿ ಕಡಿಮೆಯಿರುವ ಟೈರಿನ ಒಳಗೂ ಶಾಖ ಏರುತ್ತ ಹೋಗಿ ಪದರಗಳು ಬಿಟ್ಟುಕೊಳ್ಳುತ್ತವೆ. ಬೇಸಿಗೆಯಲ್ಲಿ ಆ ಪ್ರದೇಶದ ಉಷ್ಣಾಂಶ 45 ಡಿಗ್ರಿ ಮೀರುತ್ತದೆ. ಡಾಂಬರು ಅದಕ್ಕಿಂತಲೂ ಬಿಸಿ. ಟೈರು ಒಡೆದಾಗ ಎತ್ತರದ ವಾಹನ ಉರುಳುವ ಸಂಭವ ಹೆಚ್ಚು. ಮರಳಿನಲ್ಲಿ ಹೂತುಹೋದ ವಾಹನವನ್ನು ಮತ್ತೊಂದು ವಾಹನ ಎಳೆಯಬಹುದು. ಹೆದ್ದಾರಿಯಲ್ಲಿ ಉರುಳಿದ ವಾಹನದೊಳಗಿದ್ದವನಿಗೆ ಆ ಅವಕಾಶವಿಲ್ಲ. ಆ ಚಾಲಕ ಕರಾವಳಿಯ ಯಾವುದೋ ಹಳ್ಳಿಯಲ್ಲಿ ತಂದೆತಾಯಿ, ಹೆಂಡತಿ ಮಕ್ಕಳನ್ನು ಬಿಟ್ಟು ಬಂದವನೇ ಆಗಿರಬಹುದು.

ಆದುದರಿಂದ ಸಂಸ್ಥೆಯ ಮಾಲೀಕರು ಕೆಲವು ನಿಯಮಗಳನ್ನು ಬರವಣಿಗೆಯಲ್ಲಿ ಇಟ್ಟು, ಅವು ಪಾಲನೆಯಾಗುವಂತೆ ನೋಡಿಕೊಳ್ಳುವುದು ಅವಶ್ಯ.

1. ಬೆಳಿಗ್ಗೆ ಟೈರು ತಣ್ಣಗಿರುವಾಗ ವಾಹನದ ಬಾಗಿಲ ಬಳಿಯ ಚೀಟಿಯಲ್ಲಿ ಕಾಣಿಸಿದ ಒತ್ತಡಕ್ಕೆ ಗಾಳಿ ಸರಿಪಡಿಸಬೇಕು. ಉಷ್ಣಾಂಶ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪೌಂಡು ಏರುವುದರಿಂದ ಮಧ್ಯಾಹ್ನದ ಅಳತೆಯನ್ನು ನಂಬಿ ಗಾಳಿ ಬಿಡಬಾರದು.

2. ಮರಳಿಗೆ ಇಳಿಯುವ ಮೊದಲೇ ನಿಂತು ನಾಲ್ಕೂ ಟೈರುಗಳನ್ನು ಗೇಜಿನಿಂದ ಅಳೆದು 15ರಿಂದ 18 ಪೌಂಡಿಗೆ ಇಳಿಸಬೇಕು. ಹೂತ ಮೇಲೆ ಇಳಿಸುವುದು ಎರಡರಷ್ಟು ಕೆಲಸ. ಹಿಂದೆ ಭಾರ ಹೆಚ್ಚಿದ್ದರೆ ಹಿಂದಿನ ಟೈರುಗಳಲ್ಲಿ ಒಂದೆರಡು ಪೌಂಡು ಹೆಚ್ಚಿಟ್ಟುಕೊಳ್ಳಬಹುದು.

3. 12 ಪೌಂಡಿಗಿಂತ ಕೆಳಗೆ ಇಳಿಸಿ ಬಿರುಸಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಹೂತ ವಾಹನವನ್ನು ಎತ್ತಲು ಅಷ್ಟು ಇಳಿಸಿದ್ದರೆ, ಹೊರಬಂದೊಡನೆ ಮತ್ತೆ ಏರಿಸಬೇಕು.

4. ಡಾಂಬರು ಮುಟ್ಟಿದೊಡನೆ ನಿಂತು ಪೂರ್ತಿ ಗಾಳಿ ತುಂಬಬೇಕು. ಸಣ್ಣ ಕಂಪ್ರೆಸರಿಗೆ ಒಂದೊಂದು ಟೈರಿಗೂ ಹಲವು ನಿಮಿಷ ಹಿಡಿಯುತ್ತದೆ. ಆ ಅರ್ಧ ಗಂಟೆಯನ್ನು ಪ್ರಯಾಣದ ಸಮಯದಲ್ಲಿಯೇ ಸೇರಿಸಿ ಗ್ರಾಹಕರಿಗೆ ವೇಳೆ ಕೊಡಬೇಕು.

5. ಸಾಧ್ಯವಾದಷ್ಟು ಮಟ್ಟಿಗೆ ಒಂಟಿ ವಾಹನವನ್ನು ದಿಬ್ಬಗಳ ನಡುವೆ ಕಳುಹಿಸಬಾರದು; ನೀರು ಮತ್ತು ಫೋನು ಇಲ್ಲದೆ ಯಾವ ವಾಹನವೂ ಹೊರಡಬಾರದು.

6. ವಿಮೆಯ ಪಾಲಿಸಿಯಲ್ಲಿ ರಸ್ತೆಯಾಚೆಗಿನ ಚಾಲನೆಗೆ ರಕ್ಷಣೆ ಉಂಟೇ ಎಂಬುದನ್ನು ಓದಿಕೊಳ್ಳಬೇಕು. ತಯಾರಕರು ಸೂಚಿಸದ ಅಳತೆಯ ಟೈರು ಹಾಕಿಸಿ ಅದನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಪರಿಹಾರದ ವೇಳೆ ತಕರಾರು ಏಳಬಹುದು.

ಇವುಗಳಲ್ಲಿ ನಾಲ್ಕನೆಯ ನಿಯಮವೇ ಎಲ್ಲಕ್ಕಿಂತ ಬೇಗ ಮುರಿಯುವುದು, ಮತ್ತು ಅದು ಮುರಿಯಲು ಕಾರಣ ಬಹುತೇಕ ಚಾಲಕನಲ್ಲ. ಅರ್ಧ ಗಂಟೆ ತಡವಾಯಿತೆಂದು ಒಮ್ಮೆ ಗದರಿಸಿಕೊಂಡ ನೌಕರ ಎರಡನೆಯ ಬಾರಿ ನಿಲ್ಲುವುದಿಲ್ಲ. ನಿಯಮ ಬರೆದಿಡುವವರೂ, ಅದನ್ನು ಮುರಿಯುವಂತೆ ಒತ್ತಾಯಿಸುವವರೂ ಒಬ್ಬರೇ ಆಗಿರುವ ಸಂಸ್ಥೆಯಲ್ಲಿ ಯಾವ ದುಬಾರಿ ಟೈರೂ ರಕ್ಷಣೆ ನೀಡಲಾರದು.

ಲೆಕ್ಕಪತ್ರದಲ್ಲಿಯೂ ಒಂದು ಶಿಸ್ತು ರೂಢಿಸಿಕೊಳ್ಳುವುದು ಒಳಿತು. ಪ್ರತಿ ವಾಹನಕ್ಕೂ ಟೈರಿನದೇ ಒಂದು ಪುಟ ತೆರೆದು, ಕೊಂಡ ದಿನಾಂಕ, ತಯಾರಿಕೆಯ ವಾರ, ಅಂದಿನ ಕಿಲೋಮೀಟರ್, ತೆಗೆದ ದಿನದ ಕಿಲೋಮೀಟರ್, ಪಂಕ್ಚರುಗಳ ಸಂಖ್ಯೆ ಇವಿಷ್ಟನ್ನು ಬರೆದಿಟ್ಟರೆ ಎರಡು ವರ್ಷಗಳಲ್ಲಿ ಯಾವ ಟೈರು ಆ ಸಂಸ್ಥೆಯ ಕೆಲಸಕ್ಕೆ ಹೊಂದುತ್ತದೆ ಎಂಬುದು ಯಾವ ಜಾಹೀರಾತಿನ ನೆರವಿಲ್ಲದೆ ತಿಳಿಯುತ್ತದೆ. ಲಾರಿ ಇಟ್ಟುಕೊಂಡಿರುವ ಇಲ್ಲಿನ ಸಾಗಣೆದಾರರು ಬಹುಕಾಲದಿಂದ ಇಂಥ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಒಂದೆರಡೇ ವಾಹನಗಳಿರುವ ವ್ಯಾಪಾರಸ್ಥರೂ ಅದನ್ನು ಅನುಸರಿಸಲು ಅಡ್ಡಿಯಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ವ್ಯಾಪಾರಸ್ಥರು ಬಲ್ಲರು. ಇಲ್ಲಿ ಹೋಗುವುದು ಮಾನವಲ್ಲ, ಪ್ರಾಣ. ಟೈರಿಗೆ ಸಾವಿರಾರು ಸುರಿದು ಗೇಜಿಗೂ ಕಂಪ್ರೆಸರಿಗೂ ಕೈ ಬಿಗಿಹಿಡಿಯುವ ಅಭ್ಯಾಸವನ್ನು ಕೊಲ್ಲಿ ರಾಷ್ಟ್ರಗಳಲ್ಲಿ ವ್ಯವಹಾರವುಳ್ಳ ಸಂಸ್ಥೆಗಳು ಇನ್ನಾದರೂ ಬಿಡಬೇಕು. ಮುಂದಿನ ಬಾರಿ ಟೈರಿನ ಬಿಲ್ಲು ಮಂಜೂರಾತಿಗೆ ಬಂದಾಗ, ಸಹಿ ಹಾಕುವ ಮುನ್ನ, ಆ ವಾಹನದಲ್ಲಿ ಕೆಲಸ ಮಾಡುವ ಕಂಪ್ರೆಸರ್ ಇದೆಯೇ ಎಂದು ಮಾಲೀಕರು ವಿಚಾರಿಸಲಿ. ಇಲ್ಲವೆಂಬ ಉತ್ತರ ಬಂದರೆ ಅದನ್ನು ಕೊಂಡ ನಂತರವೇ ವಾಹನ ಮರಳಿಗೆ ಇಳಿಯಲಿ.